ಬಿಸಿಲಿಗೆ ಹಾಕಬಾರದ ಬಟ್ಟೆ

ನಾನು ಒಂದು ಗೌನು. ಗೌನು ಎಂದ ಕೂಡಲೇ ಮದುವೆಮನೆಯಲ್ಲಿ ಪುಟ್ಟ ಹುಡುಗಿಯರು ತೊಟ್ಟು ಓಡಾಡುವ ಜರಿಯ ಗೌನು ನೆನಪಾದರೆ ಅದನ್ನು ಈಗಲೇ ಮರೆತುಬಿಡಿ. ನನಗೆ ಜರಿಯಿಲ್ಲ, ಗುಂಡಿಯಿಲ್ಲ, ಜೇಬೂ ಇಲ್ಲ. ಕತ್ತಿನಿಂದ ಹಿಮ್ಮಡಿಯವರೆಗೆ ಒಂದೇ ಬಿಳಿ ಬಟ್ಟೆ, ಎದುರಿಗೊಂದು ಜಿಪ್ಪು, ಅಷ್ಟೆ. ತಲೆಗೆ ಬೇರೆ ಕುಲಾವಿ, ಕಾಲಿಗೆ ಬೇರೆ ಚೀಲ. ಚುಚ್ಚುಮದ್ದು ತಯಾರಿಸುವ ಕಾರ್ಖಾನೆಯಲ್ಲಿ, ಮದ್ದನ್ನು ಸೀಸೆಗೆ ತುಂಬುವ ಒಳಕೋಣೆಗೆ ಹೋಗುವವರು ತೊಡುವ ಬಟ್ಟೆ ನಾನು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಫೋಟೋದಲ್ಲಿ ನೋಡಿದವರೆಲ್ಲ, ಪಾಪ, ಒಳಗೆ ಎಂಥ ವಿಷ ಇದೆಯೋ, ಮೈಗೆ ತಾಗದಿರಲಿ ಎಂದು ತೊಟ್ಟಿದ್ದಾರೆ ಎನ್ನುತ್ತಾರೆ. ತಪ್ಪು. ಒಳಗೆ ವಿಷವಿಲ್ಲ. ಒಳಗೆ ಹೋಗುವ ಮನುಷ್ಯನೇ ವಿಷ. ಅವನು ಸುಮ್ಮನೆ ನಿಂತಿದ್ದರೂ ಅವನಿಂದ ಚರ್ಮದ ಪುಡಿ ಉದುರುತ್ತದೆ, ಕೂದಲು ಉದುರುತ್ತದೆ. ಮಾತಾಡಿದರೆ ಎಂಜಲು ಹಾರುತ್ತದೆ. ಅದೆಲ್ಲ ಸೀಸೆಯೊಳಗೆ ಬೀಳದ ಹಾಗೆ ತಡೆಯುವವನು ನಾನು. ಮನುಷ್ಯನನ್ನು ಕಾಯುವ ಬಟ್ಟೆಯಲ್ಲ, ಮನುಷ್ಯನಿಂದ ಮದ್ದನ್ನು ಕಾಯುವ ಬಟ್ಟೆ. ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ನನಗೂ ಹೇಳಿ ಹೇಳಿ ಸಾಕಾಗಿದೆ.

ನನ್ನ ಮಾತು ಸ್ವಲ್ಪ ಒರಟು. ಯಾರ ಮೈಗೆ ಹೆಚ್ಚು ದಿನ ಅಂಟಿಕೊಂಡಿದ್ದೆನೋ ಅವಳ ಮಾತು ನನಗೂ ಅಂಟಿದೆ.

ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದ ಒಂದು ಹೊಲಿಗೆ ಘಟಕದಲ್ಲಿ. ನನ್ನ ನೂಲು ಹತ್ತಿಯದಲ್ಲ. ಹತ್ತಿಯಾದರೆ ಜುಂಗು ಏಳುತ್ತದೆ. ಎಳೆ ಕಿತ್ತು ಬರದಂಥ ಉದ್ದ ನೂಲು, ನಡುನಡುವೆ ಚೌಕಳಿಯ ಹಾಗೆ ತೆಳ್ಳಗಿನ ಕಪ್ಪು ಗೆರೆ. ಅಂಚನ್ನು ಕತ್ತರಿಯಿಂದ ಕತ್ತರಿಸಲಿಲ್ಲ, ಕಾದ ಅಲಗಿನಿಂದ ಸುಟ್ಟು ಕತ್ತರಿಸಿದರು. ಹೊಲಿಗೆಯನ್ನು ಮಡಿಸಿ ಒಳಗೆ ಅಡಗಿಸಿದರು. ಹೊಲಿದ ಹೆಂಗಸು ನನ್ನನ್ನು ಎತ್ತಿ ಹಿಡಿದು, "ಜೇಬಿಲ್ಲ, ಗುಂಡಿ ಇಲ್ಲ. ಇದೇನು ಬೆರ್ಚಪ್ಪನಿಗಾ?" ಎಂದು ಪಕ್ಕದವಳನ್ನು ಕೇಳಿದಳು. ಇಬ್ಬರೂ ನಕ್ಕರು. ನನ್ನ ಬಾಳಿನಲ್ಲಿ ಕೇಳಿದ ಮೊದಲ ಮಾತು ಅದು.

ಕತ್ತಿನ ಒಳಗೆ ಮೂವತ್ತೇಳು ಎಂಬ ಸಂಖ್ಯೆ ಅಂಟಿಸಿ ನನ್ನನ್ನು ನಂಜನಗೂಡಿನ ಕಡೆಯ ಒಂದು ಕಾರ್ಖಾನೆಗೆ ಕಳಿಸಿದರು. ಅಲ್ಲಿ ನನ್ನನ್ನು ಮೊದಲು ಮುಟ್ಟಿದವಳು ಚೆನ್ನಾಜಮ್ಮ, ಒಗೆಯುವ ಕೋಣೆಯ ಯಜಮಾನಿ. ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ನನ್ನನ್ನು ಹರಡಿ, ಅಂಗುಲ ಅಂಗುಲ ಬೆರಳಾಡಿಸಿದಳು. ತೂತಿದ್ದರೆ ಅಲ್ಲಿ ಬೆಳಕು ಚುಕ್ಕೆಯಾಗಿ ಕಾಣುತ್ತದೆ. ನನ್ನಲ್ಲಿ ಕಾಣಲಿಲ್ಲ. "ಆಯ್ತು ಬಾರಪ್ಪ ಮೂವತ್ತೇಳು, ನಿನ್ನ ಹಣೇಲಿ ಅರವತ್ತು ಒಗೆತ ಬರ್ದದೆ" ಎಂದು ಪುಸ್ತಕದಲ್ಲಿ ನನ್ನ ಸಂಖ್ಯೆ ಬರೆದುಕೊಂಡಳು.

ಅದೇ ನನ್ನ ಆಯುಷ್ಯ. ಒಂದು ಒಗೆತಕ್ಕೆ ಒಂದು ಗೀಟು, ಅರವತ್ತು ಗೀಟಾದರೆ ಮುಗಿಯಿತು. ಒಬ್ಬರು ಎಂಟು ಗಂಟೆ ತೊಟ್ಟರೂ ಒಂದು ಗೀಟು, ಹತ್ತು ನಿಮಿಷ ತೊಟ್ಟು ಹೊರಬಂದರೂ ಒಂದು ಗೀಟು. ಒಮ್ಮೆ ತೊಟ್ಟು ಹೊರಬಂದದ್ದನ್ನು ಮತ್ತೆ ತೊಟ್ಟು ಒಳಗೆ ಹೋಗುವ ಹಾಗಿಲ್ಲ. ಸೋಸಿದ ನೀರಿನಲ್ಲಿ ಒಗೆಯುತ್ತಾರೆ, ಸೋಸಿದ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ, ದೀಪದ ಮೇಜಿನ ಮೇಲೆ ನೋಡುತ್ತಾರೆ. ಒಳಮೈ ಹೊರಗಾಗುವಂತೆ ಮಡಿಸಿ, ಚೀಲದಲ್ಲಿ ಮುಚ್ಚಿ, ಆವಿಯ ಪೆಟ್ಟಿಗೆಯಲ್ಲಿ ಇಡ್ಲಿಯ ಹಾಗೆ ಬೇಯಿಸುತ್ತಾರೆ. ಎಲ್ಲ ಬಟ್ಟೆಗೂ ಸಿಗುವ ಒಂದು ವಸ್ತು ನನಗೆ ಸಿಗುವುದಿಲ್ಲ. ಅದು ಬಿಸಿಲು. ಬಿಸಿಲೆಂದರೆ ಬಯಲು, ಬಯಲೆಂದರೆ ದೂಳು. ಹಾಗಾಗಿ ಹುಟ್ಟಿದ ಮೇಲೆ ನಾನು ಬಿಸಿಲು ಕಂಡಿರಲಿಲ್ಲ.

ಮೊದಲ ಹದಿನಾಲ್ಕು ಒಗೆತ ನಾನು ಗುರುಪಾದ ಎಂಬವನ ಪಾಲಿಗಿದ್ದೆ. ಆತುರದ ಮನುಷ್ಯ. ಲುಂಗಿ ಸುತ್ತಿಕೊಂಡ ಹಾಗೆ ನನ್ನನ್ನು ಏರಿಸಿಕೊಳ್ಳುತ್ತಿದ್ದ. ನನ್ನ ಕಾಲು ನೆಲಕ್ಕೆ ಬಡಿಯುತ್ತಿತ್ತು, ತೋಳು ಗೋಡೆಗೆ ಉಜ್ಜುತ್ತಿತ್ತು. ಒಳಗೆ ನಿಂತು ಮೂಗು ತುರಿಸಿಕೊಳ್ಳುತ್ತಿದ್ದ. ನಾನು ಏನು ಹೇಳಲಿ? ನನಗೆ ಬಾಯಿಲ್ಲ. ಅವನು ಬೇರೆ ಕಾರ್ಖಾನೆಗೆ ಹೋದ. ನನ್ನನ್ನು ದೇವೀರಮ್ಮನ ಹೆಸರಿಗೆ ಬರೆದರು.

ದೇವೀರಮ್ಮನಿಗೆ ಆಗ ನಲವತ್ತಾರು. ಕಪಿಲಾ ಹೊಳೆಯಾಚೆಯ ಹಳ್ಳಿಯವಳು, ಅಲ್ಲಿನ ಶಾಲೆಯಲ್ಲೇ ಹತ್ತನೇ ತರಗತಿ ಮುಗಿಸಿದವಳು. ಆ ಕಾರ್ಖಾನೆಯಲ್ಲಿ ಏಳು ವರ್ಷ ಸೀಸೆ ತೊಳೆದು, ಆಮೇಲೆ ಒಂಬತ್ತು ವರ್ಷದಿಂದ ಒಳಕೋಣೆಯಲ್ಲಿ ಮದ್ದು ತುಂಬುವ ಯಂತ್ರದ ಎದುರು ನಿಂತವಳು. ಮೂಗಿನ ತುದಿಯಲ್ಲೇ ಕೋಪ. ಆದರೆ ಬಟ್ಟೆ ತೊಡುವಾಗ ಅವಳಷ್ಟು ನಿಧಾನಿ ಯಾರೂ ಇರಲಿಲ್ಲ.

ಬಳೆ, ತಾಳಿ, ಹೂವು, ಕುಂಕುಮ ಎಲ್ಲವನ್ನೂ ಹೊರಕೋಣೆಯ ಬೀರುವಿನಲ್ಲಿಟ್ಟು, ಕೈಯನ್ನು ಮೊಣಕೈವರೆಗೆ ತೊಳೆದು ಬರುತ್ತಿದ್ದಳು. ಮೊದಲು ತಲೆಯ ಕುಲಾವಿ, ಆಮೇಲೆ ನಾನು, ಕೊನೆಗೆ ಕಾಲುಚೀಲ. ಮೇಲಿನಿಂದ ಕೆಳಕ್ಕೆ. ನನ್ನ ಹೊರಮೈಯನ್ನು ಬೆರಳು ಮುಟ್ಟಬಾರದು, ಒಳಮೈಯನ್ನಷ್ಟೇ ಹಿಡಿಯಬೇಕು. ಕೆಸರುಗದ್ದೆಗೆ ಇಳಿಯುವ ಮುಂಚೆ ಸೀರೆ ಎತ್ತಿ ಕಟ್ಟುವ ಹಾಗೆ, ನನ್ನ ಎರಡು ಕಾಲು, ಎರಡು ತೋಳು ಎಲ್ಲವನ್ನೂ ಸುರುಳಿ ಮಾಡಿ ಮುಷ್ಟಿಯಲ್ಲಿ ಹಿಡಿದು, ಆಮೇಲೆ ಒಂದೊಂದೇ ಕಾಲು ತೂರಿಸುತ್ತಿದ್ದಳು. ನೆಲಕ್ಕೆ ಒಮ್ಮೆಯೂ ತಾಗಲಿಲ್ಲ. ಕುಲಾವಿಯ ಅಂಚನ್ನು ನನ್ನ ಕತ್ತಿನೊಳಗೆ ಸೇರಿಸಿ, ಜಿಪ್ಪು ಕೊನೆಯವರೆಗೆ ಎಳೆಯುತ್ತಿದ್ದಳು. ನಡುವಿನ ಉಕ್ಕಿನ ಬೆಂಚಿನ ಮೇಲೆ ಕೂತು, ಚೀಲ ಹಾಕಿದ ಕಾಲನ್ನಷ್ಟೇ ಆಚೆಬದಿಗೆ ಇಳಿಸುತ್ತಿದ್ದಳು. ಕೈಗವಸಿನ ಅಂಚು ನನ್ನ ತೋಳಿನ ಮೇಲೆ ಬರಬೇಕು. ಆಮೇಲೆ ನಿಲುವುಗನ್ನಡಿಯ ಮುಂದೆ ನಿಂತು, ಕೈಯೆತ್ತಿ, ತಿರುಗಿ, ಬಗ್ಗಿ ನೋಡಿಕೊಳ್ಳುವುದು.

ಯಾರಾದರೂ ಅವಸರ ಮಾಡಿದರೆ ಬಿಡುತ್ತಿರಲಿಲ್ಲ. "ಏ, ನಿಧಾನಕ್ಕೆ ಹಾಕ್ಕೊಳಯ್ಯ! ಏನು, ಬಸ್ ಹೊಂಟೋಯ್ತದಾ? ನಿನ್ನ ಮೈ ಕೊಳೇನ ಯಾರ ಮಗೂಗೆ ಚುಚ್ಚಬೇಕು ಅಂತಿದ್ದೀಯಾ?" ಎಂದು ಬೈಯುತ್ತಿದ್ದಳು. ಹುಡುಗರು ಬೆನ್ನ ಹಿಂದೆ ಅವಳನ್ನು 'ಮಡಿಯಮ್ಮ' ಎನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು. "ಅನ್ನಲಿ. ಅಂದೋರ ಬಾಯಿಗೂ ಒಂದು ಮಾಸ್ಕು ಹಾಕಿವ್ನಿ" ಎಂದು ಚೆನ್ನಾಜಮ್ಮನ ಹತ್ತಿರ ನಗುತ್ತಿದ್ದಳು.

ಅವರಿಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಒಂದೇ ಬಸ್ಸಿನಲ್ಲಿ ಹೋಗುವವರು. ಚೆನ್ನಾಜಮ್ಮ ಅವಳನ್ನು 'ದೇವೀರಿ' ಎಂದು ಕರೆಯುತ್ತಿದ್ದಳು. ಆ ಕಾರ್ಖಾನೆಯಲ್ಲಿ ಹಾಗೆ ಕರೆಯುವ ಧೈರ್ಯ ಇದ್ದದ್ದು ಅವಳೊಬ್ಬಳಿಗೆ.

ಆ ವರ್ಷ ಎರಡು ಸಂಗತಿ ಒಟ್ಟಿಗೆ ಬಂದವು. ಒಂದು, ಹೊಸ ನಿಯಮ. ಇನ್ನು ಮುಂದೆ ಒಳಕೋಣೆಗೆ ಪದವಿ ಓದಿದವರು ಮಾತ್ರ. ಹಳಬರು ಇರಬಹುದು, ಆದರೆ ವರ್ಷಕ್ಕೊಮ್ಮೆ ಬಟ್ಟೆ ತೊಡುವ ಪರೀಕ್ಷೆಯನ್ನು ಸಾಲಾಗಿ ಮೂರು ಸಲ ಪಾಸಾಗಬೇಕು. ತೊಟ್ಟು ನಿಂತವರ ಹಣೆ, ಎದೆ, ಮುಂಗೈಗೆ ಪುಟ್ಟ ಪುಟ್ಟ ತಟ್ಟೆಗಳನ್ನು ಒತ್ತುತ್ತಾರೆ. ಆ ತಟ್ಟೆಗಳನ್ನು ಐದು ದಿನ ಬೆಚ್ಚಗಿಟ್ಟು ಕ್ರಿಮಿಯ ಚುಕ್ಕೆ ಬೆಳೆಯಿತೇ ಎಂದು ನೋಡುತ್ತಾರೆ. ಬೆಳೆದರೆ ಹೊರಗೆ, ರಟ್ಟಿನ ಡಬ್ಬಿ ಮಡಿಸುವ ಕೆಲಸಕ್ಕೆ. ಒಮ್ಮೆ ಹೊರಗೆ ಬಂದ ಹತ್ತನೇ ತರಗತಿಯವಳಿಗೆ ಮತ್ತೆ ಒಳಗೆ ದಾರಿಯಿಲ್ಲ.

ಎರಡನೆಯದು, ದೇವೀರಮ್ಮನ ಮೈ. ಒಳಕೋಣೆ ಯಾವಾಗಲೂ ತಂಪು. ಉಳಿದವರು ನಡುಗುತ್ತಿದ್ದರೆ ಇವಳಿಗೆ ಇದ್ದಕ್ಕಿದ್ದಂತೆ ಎದೆಯಿಂದ ಒಲೆ ಹೊತ್ತಿಕೊಂಡ ಹಾಗೆ ಕಾವು ಏರುತ್ತಿತ್ತು. ಆ ವಯಸ್ಸಿನ ಹೆಂಗಸರಿಗೆ ಆಗುವುದೇ ಅದು. ಬೆನ್ನ ಹುರಿಯ ಮೇಲೆ ಬೆವರು ಹರಿಯುವುದು ನನಗೆ ತಿಳಿಯುತ್ತಿತ್ತು. ಬೇರೆಯವರಾಗಿದ್ದರೆ ಜಿಪ್ಪನ್ನು ಎರಡು ಬೆರಳು ಇಳಿಸಿ ಗಾಳಿ ಬಿಟ್ಟುಕೊಳ್ಳುತ್ತಿದ್ದರು. ಅವಳು ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಆ ಬೆವರು ಕತ್ತಿನ ಸುತ್ತ ಬೆವರುಸಾಲೆಯಾಗಿ ಎದ್ದಿತು. ಸಾಲೆ, ಗಾಯ, ನೆಗಡಿ ಏನೇ ಇದ್ದರೂ ಗುಣಮಟ್ಟ ನೋಡುವ ಶ್ರೀಲತಾ ಮೇಡಂಗೆ ಹೇಳಿ ಹೊರಗುಳಿಯಬೇಕು ಎಂಬುದು ನಿಯಮ. ದೇವೀರಮ್ಮ ಆ ವರ್ಷದ ಮೂರರಲ್ಲಿ ಎರಡು ಪರೀಕ್ಷೆ ಪಾಸಾಗಿದ್ದಳು. ಮೂರನೆಯದು ಬರುವ ಶುಕ್ರವಾರ. ಹೇಳಿದರೆ ಶುಕ್ರವಾರ ಕೈತಪ್ಪುತ್ತದೆ. ಅವಳು ಹೇಳಲಿಲ್ಲ.

ಭಾನುವಾರ ಉರಿ ತಡೆಯಲಾರದೆ ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕತ್ತಿಗೆ ಹಚ್ಚಿಕೊಂಡಳು. ಸೋಮವಾರ ಬೆಳಿಗ್ಗೆ ತಿಕ್ಕಿ ತಿಕ್ಕಿ ಸ್ನಾನ ಮಾಡಿದಳು, ಹೋಯಿತು ಅಂದುಕೊಂಡಳು. ಅರಿಶಿನ ಹಾಗೆಲ್ಲ ಹೋಗುತ್ತದೆಯೇ? ಮಡಿಕೆಗಳಲ್ಲಿ ಉಳಿದಿತ್ತು. ಅವಳ ಹೆಸರಿಗಿದ್ದ ಗೌನುಗಳಲ್ಲಿ ಆ ದಿನ ಸರದಿ ನನ್ನದು. ಮೂರು ಸಲ ಕಾವು ಏರಿತು, ಮೂರು ಸಲ ಬೆವರಿದಳು. ಸಂಜೆ ಕಳಚುವಾಗ ನನ್ನ ಕತ್ತಿನ ಒಳಗೆ ಎರಡು ಬೆರಳಗಲ ಹಳದಿ ಇತ್ತು. ಅವಳು ನೋಡಲಿಲ್ಲ.

ಚೆನ್ನಾಜಮ್ಮ ನೋಡಿದಳು. ಸೋಪಿನ ನೀರಿಗೆ ಬಿದ್ದ ಅರಿಶಿನ ಕೆಂಪಾಗುತ್ತದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಮಂಗಳವಾರ ಬೆಳಿಗ್ಗೆ ಅವಳು ಒಗೆಯುವ ಕೋಣೆಯ ಕಿಂಡಿಯಿಂದಲೇ ಕರೆದಳು.

"ದೇವೀರಿ, ಬಾ ಇಲ್ಲಿ. ಕತ್ತು ಬಗ್ಗಿಸು."

"ಯಾಕಕ್ಕ?"

"ಬಗ್ಗಿಸು ಅಂದ್ರೆ ಬಗ್ಗಿಸು." ಒಂದು ಕ್ಷಣ ನೋಡಿ, "ಚೆನ್ನಾಗದೆ! ಮದವಣಗಿತ್ತಿ ಹಂಗೆ ಅರಿಶಿನ ಬಳ್ಕೊಂಡು ಒಳಕ್ಕೆ ಹೋಗಿದ್ದೀಯಲ್ಲೇ. ಊರಿಗೆಲ್ಲ ಬುದ್ಧಿ ಹೇಳೋಳು ನೀನು!"

"ಉರಿ ಕಣಕ್ಕ. ಬೆಂಕಿ ಇಟ್ಟಂಗಾಗಿತ್ತು. ತೊಳ್ಕೊಂಡೇ ಬಂದಿದ್ದೆ."

"ಮೇಡಂಗೆ ಹೇಳ್ಬೇಕಿತ್ತು."

"ಹೇಳಿದ್ರೆ ಶುಕ್ರವಾರ ಬಿಡ್ತಿದ್ರಾ? ಡಬ್ಬಿ ಮಡಿಸ್ಕೊಂಡು ಕೂತ್ಕೋ ಅಂತೀಯಾ?"

ನಿಯಮದಂತೆ ಕಲೆಯಾದ ಗೌನನ್ನು ಕೆಂಪು ಬುಟ್ಟಿಗೆ ಹಾಕಿ, ಚೀಟಿ ಬರೆದು, ಮೇಡಂ ಹತ್ತಿರ ಕಳಿಸಬೇಕು. ಹದಿನೆಂಟು ವರ್ಷದಿಂದ ಚೆನ್ನಾಜಮ್ಮ ಮಾಡಿದ್ದೂ ಅದನ್ನೇ. ನನ್ನನ್ನು ಕೈಯಲ್ಲಿ ಹಿಡಿದು ಕೆಂಪು ಬುಟ್ಟಿಯನ್ನೂ ಗೆಳತಿಯ ಕತ್ತನ್ನೂ ನೋಡಿದಳು. "ಹೋಗು ನಿನ್ನ ಕೆಲಸಕ್ಕೆ. ಇದನ್ನ ನಾನು ನೋಡ್ಕೋತೀನಿ" ಎಂದಳು.

ಅರಿಶಿನದ ಕಲೆಗೆ ಮದ್ದು ಯಾವುದು? ಬಿಸಿಲು. ಅವಳ ಅಜ್ಜಿ ಹೇಳಿಕೊಟ್ಟದ್ದು, ಅವಳ ಅಜ್ಜಿಗೆ ಅವರಜ್ಜಿ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಚೆನ್ನಾಜಮ್ಮ ನನ್ನನ್ನು ಬಕೆಟಿನಲ್ಲಿಟ್ಟು ಮೇಲೊಂದು ಟವೆಲು ಮುಚ್ಚಿ ತಾರಸಿಗೆ ಹತ್ತಿದಳು. ಅಲ್ಲಿ ಯಾರೋ ಎಂದೋ ಕಟ್ಟಿದ್ದ ತಂತಿ ಇತ್ತು.

ನಾನು ಸುಳ್ಳು ಹೇಳುವುದಿಲ್ಲ. ಆ ಒಂದು ಗಂಟೆಯಷ್ಟು ಸುಖ ನನಗೆ ಎಂದೂ ಸಿಕ್ಕಿಲ್ಲ. ಬೇಸಿಗೆಯ ನಡುಮಧ್ಯಾಹ್ನ. ಬೆಳಕು ನನ್ನ ಎಳೆ ಎಳೆಗೂ ಇಳಿಯಿತು. ಗಾಳಿ ತೋಳು ತುಂಬಿಕೊಂಡಿತು, ಒಳಗೆ ಯಾರೂ ಇಲ್ಲದೆ ನಾನು ಕೈಬೀಸಿದೆ. ಹೊಂಗೆಯ ಹೂವು ಉದುರಿ ಹೆಗಲ ಮೇಲೆ ಬಿತ್ತು. ಹೆದ್ದಾರಿಯ ಲಾರಿಗಳ ದೂಳು ಬಂದು ಕೂತಿತು. ಒಂದು ಕಾಗೆ ಪಕ್ಕದಲ್ಲೇ ಕೂತು ನನ್ನನ್ನು ಓರೆಗಣ್ಣಿನಿಂದ ನೋಡಿತು. ನನ್ನ ಜಾತಿಯವರಿಗೆ ಇವೆಲ್ಲ ಸಾವು. ಆದರೂ ಹಾಯಾಗಿತ್ತು.

ಕಲೆ ಕೆಂಪಿನಿಂದ ಹಳದಿಗೆ, ಹಳದಿಯಿಂದ ತೆಳುಹಳದಿಗೆ ತಿರುಗುತ್ತಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾವಲುಗಾರನ ಕೆಮ್ಮು ಕೇಳಿಸಿತು. ಚೆನ್ನಾಜಮ್ಮ ಓಡಿ ಬಂದು ನನ್ನನ್ನು ಎಳೆದುಕೊಂಡಳು. ತಂತಿಯ ಮುರುಕು ತುದಿ ನನ್ನ ಎಡ ಮೊಣಕೈಗೆ ಸಿಕ್ಕಿ ಚರ್ ಎಂದಿತು. ಕಾವಲುಗಾರನ ಕೆಮ್ಮಿನಲ್ಲಿ ಅವಳಿಗೆ ಅದು ಕೇಳಿಸಲಿಲ್ಲ.

ಮತ್ತೆ ಒಗೆದಳು. ಆ ಒಗೆತಕ್ಕೆ ಪುಸ್ತಕದಲ್ಲಿ ಗೀಟು ಬೀಳಲಿಲ್ಲ. ದೀಪದ ಮೇಜಿನ ಮೇಲೂ ಹರಡಿದಳು. ಆದರೆ ಅವಳ ಕಣ್ಣೆಲ್ಲ ಕತ್ತಿನ ಕಲೆಯ ಮೇಲಿತ್ತು, ತೋಳಿನ ಮೇಲಿರಲಿಲ್ಲ. ಸಾಸಿವೆ ಕಾಳಿನಷ್ಟು ಬೆಳಕು ಮೊಣಕೈಯಲ್ಲಿ ಉರಿಯುತ್ತಿತ್ತು. ಹದಿನೆಂಟು ವರ್ಷದಲ್ಲಿ ಅವಳ ಕಣ್ಣು ತಪ್ಪಿಸಿಕೊಂಡ ಒಂದೇ ತೂತು ಅದು. ಮಡಿಸಿದಳು, ಚೀಲಕ್ಕೆ ಹಾಕಿದಳು, ಆವಿಗೆ ಕಳಿಸಿದಳು.

ಶುಕ್ರವಾರ ಬಂತು. ಅಂದು ತುಂಬಬೇಕಾದದ್ದು ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಕೊಡುವ ಮದ್ದು. ಸೋಮವಾರ ತುಂಬಿದ್ದೂ ಅದೇ. ಶ್ರೀಲತಾ ಮೇಡಂ ತಟ್ಟೆಗಳನ್ನು ಹಿಡಿದುಕೊಂಡು ಗಾಜಿನ ಬಾಗಿಲ ಆಚೆ ಕಾಯುತ್ತಿದ್ದರು. ದೇವೀರಮ್ಮ ಚೀಲ ಬಿಚ್ಚಿ ನನ್ನನ್ನು ತೆಗೆದಳು. ಎಂದಿನ ಹಾಗೆ ಕಾಲು ತೋಳು ಸುರುಳಿ ಮಾಡಿ ಹಿಡಿದಳು. ಕತ್ತಿನ ಒಳಗೆ ಅವಳ ಕಣ್ಣು ಬಿತ್ತು. ಅಲ್ಲಿ ತೆಳುಹಳದಿ ನೆರಳು. ಒಂದು ಕ್ಷಣ ನಿಂತಳು, ಆಮೇಲೆ ತೊಟ್ಟಳು. ಕನ್ನಡಿಯ ಮುಂದೆ ನಿಂತು ಕೈಯೆತ್ತಿದಳು.

ಮೊಣಕೈಯ ತೂತು ಕಂಡಿತು.

ಅವಳು ಕೈ ಇಳಿಸಲಿಲ್ಲ. ಅವಳ ಎದೆ ನನ್ನೊಳಗೆ ಬಡಿದುಕೊಳ್ಳುವುದು ನನಗೆ ಕೇಳುತ್ತಿತ್ತು. ಅರಿಶಿನದ ಕಲೆ ಹಾಗೆ ತೆಳುವಾಗುವುದು ಬಿಸಿಲಿಗೆ ಮಾತ್ರ ಎಂದು ಅವಳಿಗೂ ಗೊತ್ತು. ಬಿಸಿಲು ಅಂದರೆ ತಾರಸಿ, ತಾರಸಿ ಅಂದರೆ ತಂತಿ. ಚೆನ್ನಾಜಮ್ಮ ಏನು ಮಾಡಿದ್ದಾಳೆಂದು ಪೂರ್ತಿ ತಿಳಿಯಿತು. ತಟ್ಟೆಯನ್ನು ಹಣೆಗೆ, ಎದೆಗೆ, ಮುಂಗೈಗೆ ಒತ್ತುತ್ತಾರೆ. ಮೊಣಕೈಗೆ ಒತ್ತುವುದಿಲ್ಲ. ಸುಮ್ಮನೆ ಬಾಗಿಲು ತಳ್ಳಿದರೆ ಪಾಸು. ಅವಳು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದಳು. ನಾನು ಸತ್ಯ ಹೇಳುತ್ತಿದ್ದೇನೆ, ಎರಡು ಹೆಜ್ಜೆ ಹಾಕಿದಳು.

ಆಮೇಲೆ ನಿಂತು ಗಾಜಿನ ಮೇಲೆ ಬೆರಳ ಗಂಟಿನಿಂದ ಬಡಿದು, ಗೋಡೆಯ ಮಾತಿನ ಪೆಟ್ಟಿಗೆಯ ಗುಂಡಿ ಒತ್ತಿದಳು. "ಮೇಡಂ, ಗೌನು ತೂತಾಗದೆ."

"ಪರವಾಗಿಲ್ಲ ದೇವೀರಮ್ಮ, ಬೇರೆ ಗೌನು ಹಾಕಿಕೊಂಡು ಬನ್ನಿ. ಕಾಯುತ್ತೇನೆ."

ಅಷ್ಟು ಸುಲಭವಿತ್ತು. ಬೇರೆ ಗೌನು ಕಪಾಟಿನಲ್ಲೇ ಇತ್ತು. ಆದರೆ ಅವಳು ಕದಲಲಿಲ್ಲ. ಮತ್ತೆ ಕಾವು ಏರಿತು, ಕತ್ತಿನಿಂದ ಬೆವರು ಇಳಿಯಿತು.

"ಬೇರೆದು ಬ್ಯಾಡ ಮೇಡಂ. ನನ್ನ ಕತ್ತಲ್ಲಿ ಸಾಲೆ ಎದ್ದದೆ. ವಾರ ಆಯ್ತು, ಹೇಳ್ಲಿಲ್ಲ. ಸೋಮವಾರ ಅರಿಶಿನ ಹಚ್ಕೊಂಡಿದ್ದ ಮೈಲೇ ಒಳಕ್ಕೆ ಹೋಗಿದ್ದೆ. ಇದೇ ಗೌನು. ಸೋಮವಾರದ ಮದ್ದನ್ನ ತಡೀರಿ. ಆಚೆಗೆ ಕಳಿಸ್ಬ್ಯಾಡಿ."

ಮೇಡಂ ತಟ್ಟೆಗಳನ್ನು ಕೆಳಗಿಟ್ಟರು. "ಏನು ಹೇಳುತ್ತಿದ್ದೀರಿ ಅಂತ ಗೊತ್ತಿದೆಯಾ? ಮತ್ತೆ ಒಳಗೆ ಬರೋಕಾಗಲ್ಲ."

"ಗೊತ್ತದೆ. ಹತ್ತನೇ ಕ್ಲಾಸು ಓದಿವ್ನಿ, ಅಷ್ಟು ತಿಳೀತದೆ."

ಕಲೆಯಾದ ಗೌನು ಕೆಂಪು ಬುಟ್ಟಿಗೆ ಯಾಕೆ ಬೀಳಲಿಲ್ಲ, ತೂತು ಹೇಗಾಯಿತು ಎಂದು ಮೇಡಂ ಕೇಳಿದಾಗ ದೇವೀರಮ್ಮ ಬಾಯಿ ಬಿಡಲಿಲ್ಲ. ಚೆನ್ನಾಜಮ್ಮ ತಾನೇ ಬಂದಳು. "ನಾನೇ ತಾರಸೀಲಿ ಬಿಸಿಲಿಗೆ ಒಣಗಾಕ್ದೆ. ಅವಳಿಗೇನೂ ಗೊತ್ತಿಲ್ಲ" ಎಂದಳು. ಮೇಡಂ ಹೊರಗೆ ಹೋದ ಮೇಲೆ ಗೆಳತಿಯ ಕಡೆ ತಿರುಗಿ, "ನಿನ್ನ ಉಳಿಸಕ್ಕೆ ಹೋದ್ರೆ ನನ್ನೂ ಮುಳುಗಿಸ್ಬುಟ್ಟೆಯಲ್ಲೇ" ಎಂದಳು.

"ಉಳಿಸು ಅಂತ ಯಾರು ಕೇಳಿದ್ರು ನಿನ್ನ?" ಎಂದಳು ದೇವೀರಮ್ಮ. ಕೋಪ ಅವಳ ಕೈಯಲ್ಲಿರಲಿಲ್ಲ. ಅಂದಿನಿಂದ ಅದೇ ಬಸ್ಸು, ಆದರೆ ಬೇರೆ ಬೇರೆ ಸೀಟು ಎಂದು ಕೇಳಿದ್ದೇನೆ.

ಸೋಮವಾರದ ಮದ್ದನ್ನು ತಡೆದು ಪೂರ್ತಿ ನಾಶ ಮಾಡಿದರು. ಅದರಲ್ಲಿ ಕೆಟ್ಟದ್ದು ಏನಾದರೂ ಇತ್ತೋ ಇಲ್ಲವೋ ನನಗೆ ತಿಳಿಯದು. ನನ್ನೆದುರಿಗೆ ಯಾರೂ ಆ ಮಾತು ಆಡಲಿಲ್ಲ. ದೇವೀರಮ್ಮ ಡಬ್ಬಿ ಮಡಿಸುವಲ್ಲಿಗೆ ಹೋದಳು. ಚೆನ್ನಾಜಮ್ಮನನ್ನು ದೀಪದ ಮೇಜಿನಿಂದ ತೆಗೆದು, ಕ್ಯಾಂಟೀನಿನ ಬಟ್ಟೆ, ಕಚೇರಿಯ ಪರದೆ ಒಗೆಯಲು ಹಾಕಿದರು. ನನ್ನ ಹೆಸರಿನ ಮುಂದೆ ನಲವತ್ತೊಂದು ಗೀಟು ಇತ್ತು. ಇನ್ನೂ ಹತ್ತೊಂಬತ್ತು ಉಳಿದಿದ್ದವು. ಯಾರಿಗೆ ಬೇಕು?

ತಿರಸ್ಕರಿಸಿದ ಗೌನುಗಳನ್ನು ಕತ್ತರಿಸಿ ಬಿಸಾಡುತ್ತಾರೆ. ನನ್ನನ್ನು ಬಿಸಾಡಲಿಲ್ಲ. ತರಬೇತಿ ಕೋಣೆಯ ಗೋಡೆಗೆ ಒಂದು ಮೊಳೆ ಹೊಡೆದು ನೇತುಹಾಕಿದರು. ಮೊಣಕೈಯ ತೂತಿನ ಸುತ್ತ ಒಂದು ಕಪ್ಪು ಗುಂಡು ಗೆರೆ, ಕತ್ತಿನ ಕಲೆಯ ಸುತ್ತ ಇನ್ನೊಂದು. ಎರಡು ವರ್ಷದಿಂದ ನಾನು ತಪ್ಪಿನ ಉದಾಹರಣೆಯಾಗಿ ನೇತಾಡುತ್ತಿದ್ದೇನೆ. ತರಬೇತಿ ಕೊಡುವವನು ಸುಮಂತ್, ಹೊಸದಾಗಿ ಬಂದವನು, ಒಳ್ಳೆಯವನೇ. ಅದೇ ಮಾತು, ಅದೇ ಕೋಲು, ಅದೇ ಆಕಳಿಕೆ. ಪ್ರತಿ ತಂಡವೂ ಕಲೆ ನೋಡಿ ನಗುತ್ತದೆ.

ಕಳೆದ ತಿಂಗಳು ಮೊದಲ ಸಲ ಡಬ್ಬಿ ಮಡಿಸುವವರಿಗೂ ವರ್ಷದ ತರಬೇತಿ ಎಂದು ಕರೆತಂದರು. ಕೊನೆಯ ಸಾಲಿನಲ್ಲಿ ದೇವೀರಮ್ಮ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು, ಕೈಬೆರಳುಗಳಲ್ಲಿ ರಟ್ಟು ಕೊಯ್ದ ಗೀರು. ಸುಮಂತ್ ನನ್ನನ್ನು ಮೊಳೆಯಿಂದ ತೆಗೆದು, ಒಂದು ಹೆಗಲಿನಿಂದ ಹಿಡಿದು ಎತ್ತಿದ.

"ನೋಡಿ, ಇದನ್ನು ತೊಟ್ಟಿದ್ದವಳು ಯಾರೋ ಓದು ಬರಹ ಇಲ್ಲದ ಹೆಂಗಸು. ಅರಿಶಿನ ಹಚ್ಚಿಕೊಂಡು ಒಳಗೆ ಹೋಗಿದ್ದಳಂತೆ."

ಎಲ್ಲರೂ ನಕ್ಕರು. ನನ್ನ ಇನ್ನೊಂದು ತೋಳು, ಎರಡು ಕಾಲು ನೆಲದ ಮೇಲೆ ಎಳೆದಾಡುತ್ತಿದ್ದವು. ಕೊನೆಯ ಸಾಲಿನಲ್ಲಿ ಕುರ್ಚಿ ಕಿರ್ ಎಂದಿತು.

"ಓದು ಬತ್ತದಪ್ಪ. ಆ ಹೆಂಗಸು ನಾನೇ" ಎನ್ನುತ್ತ ದೇವೀರಮ್ಮ ನಡೆದು ಬಂದಳು. "ನನ್ನ ತಪ್ಪು ಆಮ್ಯಾಕೆ ಹೇಳೀವಂತೆ. ಮೊದ್ಲು ಅದರ ತೋಳು ನೆಲಕ್ಕೆ ತಾಗ್ದಂಗೆ ಹಿಡ್ಕೋ. ಹಿಂಗಾ ಕಲಿಸೋದು?"

ಸುಮಂತ್ ತಬ್ಬಿಬ್ಬಾಗಿ ನನ್ನನ್ನು ಅವಳ ಕೈಗೆ ಕೊಟ್ಟ. ಅವಳು ನನ್ನ ಒಳಮೈ ಹಿಡಿದಳು. ಎರಡು ಕಾಲು, ಎರಡು ತೋಳು, ಸುರುಳಿ ಸುರುಳಿಯಾಗಿ ಮುಷ್ಟಿಯೊಳಗೆ. ಎರಡು ವರ್ಷವಾದರೂ ಬೆರಳು ಮರೆತಿರಲಿಲ್ಲ. "ಕೆಸರುಗದ್ದೆಗೆ ಇಳಿಯೋವಾಗ ಸೀರೆ ಎತ್ತಿ ಹಿಡಿಯಲ್ವಾ, ಹಂಗೆ" ಎಂದು ತೋರಿಸಿದಳು. ಈ ಸಲ ಯಾರೂ ನಗಲಿಲ್ಲ. ಮುಂದಿನ ಸಾಲಿನ ಒಬ್ಬಳು ತನ್ನ ದುಪಟ್ಟಾವನ್ನು ಹಾಗೇ ಸುರುಳಿ ಮಾಡಿ ಹಿಡಿದು ನೋಡಿಕೊಂಡಳು.

ಮತ್ತೆ ಮೊಳೆಗೆ ಹಾಕುವಾಗ ದೇವೀರಮ್ಮ ನನ್ನ ಕತ್ತಿನೊಳಗೆ ಇಣುಕಿದಳು. ಕಿಟಕಿಯ ಕಡೆ ನೋಡಿದಳು. "ಇಲ್ಲಿ ಪರದೆ ಇತ್ತಲ್ಲ, ಏನಾಯ್ತು?"

"ಒಗೆಯೋಕೆ ಅಂತ ಚೆನ್ನಾಜಮ್ಮ ತಗೊಂಡು ಹೋದರು. ಮತ್ತೆ ಹಾಕಲೇ ಇಲ್ಲ. ಕೇಳಿದ್ರೆ, ಹರಿದುಹೋಗದೆ ಅಂತಾರೆ" ಎಂದ ಸುಮಂತ್.

ದೇವೀರಮ್ಮನ ತುಟಿಯ ಕೊನೆ ಸ್ವಲ್ಪ ಅಲುಗಿತು. ಸಂಜೆ ಬಸ್ಸಿನಲ್ಲಿ ಅವಳು ಯಾವ ಸೀಟಿನಲ್ಲಿ ಕೂತಳೋ ನನಗೆ ಗೊತ್ತಿಲ್ಲ.

ಪರದೆ ಹರಿದಿರಲಿಲ್ಲ. ಅದು ನನಗೆ ಗೊತ್ತು. ಮೂರು ಗಂಟೆಗೆ ಆ ಕಿಟಕಿಯಿಂದ ಬಿಸಿಲು ಬರುತ್ತದೆ. ಒಂದು ಮೊಳ ಅಗಲದ ಪಟ್ಟಿ, ನೆಲದಿಂದ ಗೋಡೆಗೆ ಹತ್ತಿ, ನಿಧಾನವಾಗಿ ನನ್ನ ಕತ್ತಿನವರೆಗೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ. ನನ್ನ ಎಳೆಗಳು ಸವೆದಿವೆ, ನನಗೆ ಬೇರೆ ಏನೂ ಬೇಕಿಲ್ಲ. ಅಲ್ಲಿ ಬಂದವರೆಲ್ಲ ಕಲೆಯನ್ನು ಹುಡುಕಲು ಈಗ ಬಗ್ಗಿ ಬಗ್ಗಿ ನೋಡುತ್ತಾರೆ. ಸುಮಂತ್ ಕಪ್ಪು ಗೆರೆಯನ್ನು ಎರಡು ಸಲ ಹೊಸದಾಗಿ ತಿದ್ದಿದ. ಗೆರೆ ತಿದ್ದಬಹುದು. ಇನ್ನೊಂದು ಬೇಸಿಗೆ ಕಳೆದರೆ ಆ ಗೆರೆಯೊಳಗೆ ತೋರಿಸಲು ಏನೂ ಉಳಿದಿರುವುದಿಲ್ಲ.